ಹಿಮಾಲಯದ ಕುರಿ

ಚೈತ್ರದ ಮಧ್ಯಾಹ್ನ. ನಾರಾಯಣಪೇಟೆಯ ಬಿಸಿಲಿಗೆ ಕಾಗೆಗಳೂ ಬಾಯಿ ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ ಸರಕಾರಿ ಕಚೇರಿಯ ಗುಮಾಸ್ತ, ಪೇಶ್ಕಾರ್ ಸುಧೀಂದ್ರರಾಯರು ಪಡಸಾಲೆಯ ನಡುವೆ ಒಂದು ಚೀಲದೊಳಗೆ ಕತ್ತಿನವರೆಗೆ ಹೊಕ್ಕು, ಲಾಡಿ ಬಿಗಿದುಕೊಂಡು ಮಲಗಿದ್ದರು. ಮಿಲಿಟರಿಯವರು ಚಳಿ ದೇಶದಲ್ಲಿ ಮೈ ತೂರಿಸಿ ಮಲಗುವ ಚೀಲವದು. ಬೆವರು ಅವರ ಕಿವಿಯೊಳಗೆ ಇಳಿಯುತ್ತಿತ್ತು.

"ನೋಡು, ಎಷ್ಟು ಬೆಚ್ಚಗದ," ಎಂದರು.

"ಇವತ್ತು ಬರೇ ನೆಲದ ಮ್ಯಾಲೆ ಮಲಗಿದ್ರೂ ಬೆಚ್ಚಗೇ ಇರ್ತದರೀ," ಎಂದರು ಅವರ ಹೆಂಡತಿ ಅಂಬಾಬಾಯಿ, ಅಕ್ಕಿ ಆರಿಸುತ್ತ. "ಮೊದಲ ಹೊರಗ ಬರ್ರಿ. ಯಾರರೆ ನೋಡಿದ್ರ ಏನಂದಾರು."

ಚೀಲ ಬಂದದ್ದು ಬದರಿ ಯಾತ್ರೆಗಾಗಿ. ಎರಡು ವರ್ಷದ ಹಿಂದೆ, ರಜಾಕಾರರ ಗಲಾಟೆಯ ದಿನಗಳಲ್ಲಿ, ಸರಕಾರಿ ಕೆಲಸಕ್ಕೆಂದು ಗದ್ವಾಲಿಗೆ ಹೋದ ರಾಯರು ತಿರುಗಿ ಬರಲಿಲ್ಲ. ದಾರಿ ಬಂದಾಗಿತ್ತು, ಸುದ್ದಿ ಇರಲಿಲ್ಲ. ಇವರು ಜೀವಂತ ಬಂದರೆ ನನ್ನ ಕಾಲಿನಿಂದಲೇ ಬದರಿ ಹತ್ತುತ್ತೇನೆಂದು ಅಂಬಾಬಾಯಿ ದೇವರ ಮುಂದೆ ಹರಕೆ ಹೊತ್ತರು. ಪೊಲೀಸ್ ಆ್ಯಕ್ಷನ್ ಆದ ಮೇಲೆ ಒಂದು ಸಂಜೆ ರಾಯರು ಗಡ್ಡ ಬಿಟ್ಟುಕೊಂಡು ಬಾಗಿಲಿಗೆ ಬಂದು ನಿಂತರು. ಆದರೆ ಹರಕೆ ಹೊತ್ತ ಅಂಬಾಬಾಯಿಗೆ ಚಳಿಗಾಲ ಬಂದರೆ ದಮ್ಮು. ಹೋದ ಮಾಗಿಯಲ್ಲಿ ಉಸಿರು ನಿಂತೇ ಹೋಯಿತೆಂದು ರಾಯರು ಅಂದುಕೊಂಡಿದ್ದರು. ತನಗಾಗಿ ಹೊತ್ತ ಹರಕೆಯೇ ಇವಳನ್ನು ಕರೆದುಕೊಂಡು ಹೋದರೆ ಎಂಬ ಹೆದರಿಕೆಗೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಹರಕೆ ಬಿಡು ಎನ್ನುವಂತಿಲ್ಲ. ಹತ್ತಿ ತುಂಬಿದ ರಜಾಯಿ ತರೋಣವೆಂದರೆ ಹತ್ತಿಗೆ ಮೈಲಿಗೆ ತಗಲುತ್ತದೆ, ಉಣ್ಣೆಗೆ ತಗಲುವುದಿಲ್ಲ. ಯಾತ್ರೆ ಮುಗಿಯುವವರೆಗೆ ಉಣ್ಣೆಯ ಹೊರತು ಬೇರೆ ಯಾವುದನ್ನೂ ಹೊದೆಯುವುದಿಲ್ಲವೆಂದು ಅಂಬಾಬಾಯಿ ಹಟ ಹಿಡಿದಿದ್ದರು. ಸಿಕಂದರಾಬಾದಿನಲ್ಲಿ ಹಳೆ ಮಿಲಿಟರಿ ಸಾಮಾನು ಮಾರುವವನು, ಈ ಚೀಲದೊಳಗಿರುವುದು ಬಾತುಕೋಳಿಯ ತುಪ್ಪುಳ, ಹಿಮದ ಮೇಲೆ ಮಲಗಿದರೂ ಚಳಿ ಹತ್ತಿರ ಸುಳಿಯುವುದಿಲ್ಲ ಎಂದು ಆಣೆ ಇಟ್ಟಿದ್ದ. ಅವನ ಹತ್ತಿರ ಉಳಿದದ್ದು ಒಂದೇ. ರಾಯರು ಕೊಂಡರು, ಮನೆಗೆ ತಂದು, "ಒಳಗಿರೋದು ಹಿಮಾಲಯದ ಕುರಿ ಉಣ್ಣೆ," ಎಂದರು. ಕಚೇರಿಯಲ್ಲಿ ಉರ್ದುವಿನಲ್ಲಿ ಎಷ್ಟು ಸುಳ್ಳು ಬರೆದಿದ್ದರೋ, ಹೆಂಡತಿಗೆ ಕನ್ನಡದಲ್ಲಿ ಹೇಳಿದ್ದು ಇದೊಂದೇ.

ಸಂಜೆ ಧನ್ವಾಡದ ಶೇಖಮ್ಮ ಮಾರಲು ಕಂಬಳಿ ಹೊತ್ತು ಬಂದಳು. ರಾಯರಿಗೂ ಒಂದು ಹೊದಿಕೆ ಬೇಕಿತ್ತಲ್ಲ. ಕಟ್ಟೆಯ ಮೇಲೆ ಕರೀ ಕಂಬಳಿ ಹಾಸಿದವಳು ಪಕ್ಕದಲ್ಲಿದ್ದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಹಿಚುಕಿದಳು. ಅದು ಮೆಲ್ಲಗೆ ಮತ್ತೆ ಉಬ್ಬಿತು.

"ಇದೇನ್ರೀ ಅವ್ವಾರ?"

"ಉಣ್ಣೆ ಹಾಸಿಗಿ. ಹಿಮಾಲಯದ ಕುರೀದಂತ."

ಶೇಖಮ್ಮ ರಾಯರ ಮುಖ ನೋಡಿದಳು. ರಾಯರು ಮಾಳಿಗೆಯ ಜಂತಿ ಎಣಿಸತೊಡಗಿದರು.

"ಇಷ್ಟು ಹಗುರ ಐತಿ ಅಂದ್ರ ಆ ಕುರಿ ಹಾರತಿತ್ತೇನೋ ತಗೋರಿ," ಎಂದು ಅವಳು ಚೀಲ ಕೆಳಗಿಟ್ಟಳು. "ಬೆಚ್ಚಗಂತೂ ಇರತೈತಿ."

ಅಂಬಾಬಾಯಿ ನಕ್ಕರು. ರಾಯರೂ ನಕ್ಕರು, ಸ್ವಲ್ಪ ತಡವಾಗಿ.

ಹೊರಡುವ ಹಿಂದಿನ ದಿನ ಅಂಬಾಬಾಯಿ ಚೀಲವನ್ನು ಅಂಗಳದ ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿದರು. ಒಂದು ಹೊಲಿಗೆ ಸಡಿಲಾಗಿ ಬಿಳಿಯದೇನೋ ಇಣುಕಿತು. ಎಳೆದರೆ ಗರಿ. ಅದರ ಹಿಂದೆ ಇನ್ನೊಂದು. ಎಳೆದದ್ದು ಗಾಳಿಗೆ ಹಾರಿಯೂ ಹೋಯಿತು. ಅವರು ಕೈ ಹಿಂದೆಳೆದುಕೊಂಡರು. ಸಿಟ್ಟು ನೆತ್ತಿಗೇರಿತು. ಗಂಡನನ್ನು ಕೂಗಲು ತಿರುಗಿದರು.

ಪಡಸಾಲೆಯಲ್ಲಿ ರಾಯರು ತಮ್ಮ ಕರೀ ಕಂಬಳಿ ಹೊದ್ದು ಮಲಗಿ ಅಳತೆ ನೋಡಿಕೊಳ್ಳುತ್ತಿದ್ದರು. ಪಾದ ಹೊರಗೆ ಉಳಿಯುತ್ತಿತ್ತು. ಕಾಲು ಮುದುಡಿಕೊಂಡರು. ಇಷ್ಟಾದರೆ ನಡೆದೀತು ಎಂಬಂತೆ ತಮಗೆ ತಾವೇ ತಲೆಯಾಡಿಸಿದರು.

ಆ ಮುದುಡಿದ ಕಾಲು ನೋಡಿ ಅಂಬಾಬಾಯಿಯ ಸಿಟ್ಟು ಇಳಿಯಿತು. ಸಂಧ್ಯಾವಂದನೆ ಒಂದು ದಿನವೂ ತಪ್ಪಿಸದ ಮನುಷ್ಯ, ನನ್ನ ಉಸಿರಿಗಾಗಿ ಸುಳ್ಳಿನ ಪಾಪ ಹೊತ್ತರಲ್ಲ ಅನ್ನಿಸಿತು. ಒಳಗಿನಿಂದ ಸೂಜಿ ದಾರ ತಂದು, ಇಣುಕುತ್ತಿದ್ದ ಗರಿಗಳನ್ನು ಬೆರಳಿನಿಂದ ತುರುಕಿ, ಒತ್ತಾಗಿ ಹೊಲಿದರು. ಹೆಂಡತಿ ಮಾಡಿದ ಪಾಪದಲ್ಲಿ ಗಂಡನಿಗೂ ಪಾಲುಂಟೆಂದು ಪುರಾಣಿಕರು ಹೇಳುತ್ತಿದ್ದರು. ಇದರಲ್ಲಿ ಯಾರ ಪಾಲು ಎಷ್ಟೋ, ಬದರಿಯ ನಾರಾಯಣನೇ ಹಂಚಲಿ.

"ಏನು ಹೊಲೀಲಿಕ್ಹತ್ತೀ?" ರಾಯರು ಹಿಂದೆ ಬಂದು ನಿಂತಿದ್ದರು. ದನಿ ಸಣ್ಣಗಾಗಿತ್ತು.

"ಸ್ವಲ್ಪ ಬಿಚ್ಚಿತ್ತು."

"ಒಳಗ ಏನರೆ ಕಂಡಿತೇನು?"

"ಕಾಣದೇನ್ರೀ? ಉಣ್ಣೆ."

ರಾಯರು ಉಸಿರು ಬಿಟ್ಟರು. ಅವರ ಹೆಗಲ ಮೇಲೆ ಹಾರಿಹೋದ ಗರಿ ಬಂದು ಕೂತಿತ್ತು. ಅಂಬಾಬಾಯಿ ಕಸ ತೆಗೆದಂತೆ ಅದನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ನಿಮ್ಮ ಕಂಬಳಿ ಗಿಡ್ಡಾಗ್ಯದ. ಶೇಖಮ್ಮಗ ಹೇಳಿ ಕಳಸ್ರಿ, ಉದ್ದಂದು ಕೊಡ್ತಾಳ," ಎಂದು, ಗರಿ ಮುಟ್ಟಿದ ಮೈಲಿಗೆ ಕಳೆಯಲು ಸ್ನಾನಕ್ಕೆ ಬಾವಿಯ ಕಡೆ ನಡೆದರು.

ನೀರು ಸೇದಲು ಹಗ್ಗ ಹಿಡಿಯಬೇಕಾದರೆ ಮುಷ್ಟಿ ಬಿಡಬೇಕಿತ್ತು. ಅವರು ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಅಂಗೈ ಬೆಚ್ಚಗಾಗಿತ್ತು.