ಹಿಮ್ಮಡಿಯ ಗಂಟು

ಗಡಿಯಾಚೆ ಮಹಾರಾಷ್ಟ್ರದ ನಿಲಂಗಾ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ರಕ್ತ ತಪಾಸಣೆಯ ಲ್ಯಾಬ್ ಇತ್ತು. ಮನಿಷಾ ಅಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಅವಳ ಅಣ್ಣ ಭೀಮಶಾ ಹುಟ್ಟೂರು ವಲಾಂಡಿಯಲ್ಲಿ ಕುರಿ ಸಾಕಿಕೊಂಡಿದ್ದ. ಮೂವತ್ತೆಂಟರ ಒಣಕಲು ಮೈಯ ಆಳು. ದಿನವಿಡೀ ಕುರಿಗಳ ಹಿಂದೆ ನಡೆಯುವವನು. ಚಹಾ ಬಿಟ್ಟರೆ ಬೇರೆ ಚಟವಿಲ್ಲ.

ಎರಡು ವರ್ಷದ ಹಿಂದೆ, ಆಷಾಢದಲ್ಲಿ, ಸಂತೆಗೆ ಬಂದವನು ತಂಗಿಯನ್ನು ನೋಡಲು ಲ್ಯಾಬಿಗೂ ಬಂದ.

“ಯಾಕೋ ಏರು ಹತ್ತಿದ್ರ ದಮ್ಮು ಹತ್ತತದ. ಸಕ್ಕರಿ ಬಂದದ ಏನ್ ನೋಡವಾ,” ಎಂದು ತೋಳು ಚಾಚಿದ.

ಸಕ್ಕರೆ ಸರಿಯಿತ್ತು. ಅವನು ಹೋದ ಮೇಲೆ, ಹೇಗೂ ರಕ್ತ ಉಳಿದಿದೆಯಲ್ಲ ಎಂದು ಮನಿಷಾ ಕೊಬ್ಬಿನ ಪರೀಕ್ಷೆಗೂ ಹಾಕಿದಳು. ನೂರಾ ಮೂವತ್ತರೊಳಗೆ ಇರಬೇಕಾದ ಕೆಟ್ಟ ಕೊಲೆಸ್ಟ್ರಾಲ್ ಮುನ್ನೂರ ಹದಿನೆಂಟು ಬಂತು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರಕ್ತದ ಮೇಲೆ ನಿಂತ ಹಳದಿ ನೀರು, ಸೀರಮ್, ತಿಳಿಯಾಗಿತ್ತು. ಇಷ್ಟು ಕೊಬ್ಬಿದ್ದರೆ ಹಾಲಿನಂತೆ ಕಾಣಬೇಕಿತ್ತಲ್ಲ, ಅದೂ ಇಂಥ ಒಣಕಲು ಮನುಷ್ಯನಿಗೆ! ಯಂತ್ರದ್ದೇ ತಪ್ಪಿರಬೇಕು, ಅಣ್ಣನನ್ನು ಮತ್ತೆ ಕರೆಸಿದರಾಯಿತು ಎಂದುಕೊಂಡಳು.

ಆದರೆ ಅವನು ಕುರಿ ಹೊಡೆದುಕೊಂಡು ಕಾಸಾರಶಿರಸಿಯ ಕಡೆ ಹೋಗಿಬಿಟ್ಟಿದ್ದ. ವಾರ ಕಳೆಯಿತು, ತಿಂಗಳು ಕಳೆಯಿತು, ಅವಳಿಗೂ ಮರೆತುಹೋಯಿತು. ದೀಪಾವಳಿಗೆ ಊರಿಗೆ ಹೋದಾಗ ಅಣ್ಣನ ಎದುರೇ ಊಟಕ್ಕೆ ಕೂತಿದ್ದಳು. ಆ ಅಂಕಿ ನೆನಪಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಳು. ಮರೆತದ್ದಕ್ಕಿಂತ ಆವತ್ತು ಸುಮ್ಮನಿದ್ದದ್ದೇ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು.

ಮರುವರ್ಷ ವೈಶಾಖದ ಒಂದು ಬೆಳಿಗ್ಗೆ ಕುರಿಹಟ್ಟಿಯ ಬೇಲಿ ಬಿಚ್ಚುತ್ತಿದ್ದ ಭೀಮಶಾ ಎದೆ ಹಿಡಿದುಕೊಂಡು ಕುಸಿದ. ಜೊತೆಗಿದ್ದ ಕುರಿಗಾರ ಕಾಶೆಪ್ಪ ಜೀಪು ಮಾಡಿ ಉದಗೀರದ ಆಸ್ಪತ್ರೆಗೆ ಮುಟ್ಟಿಸಿದ. ಜೀವ ಉಳಿಯಿತು. ಮನಿಷಾ ಹೋಗುವಷ್ಟರಲ್ಲಿ ಅತ್ತಿಗೆ ಗುರಮ್ಮ ಗಂಡನ ಹಣೆಗೆ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಮಂಚದ ಪಕ್ಕ ನಿಂತಿದ್ದಳು.

ಡಾಕ್ಟರ್ ಅಮರನಾಥ ಬೀದರ ಕಡೆಯವರು. ಹೊದಿಕೆ ಸರಿಸಿ ಭೀಮಶಾನ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುವನ್ನು ಒತ್ತಿ ನೋಡಿದರು. ಎರಡೂ ಕಾಲಲ್ಲಿ ಗಟ್ಟಿ ಗಂಟುಗಳಿದ್ದವು.

“ಇವು ಯಾವಾಗಿಂದ ಅವ?”

“ಲಗ್ನ ಆದಾಗಿಂದ ನೋಡ್ಲಿಕತ್ತೀನ್ರಿ,” ಎಂದಳು ಗುರಮ್ಮ. “ಕುರಿ ಹಿಂದ ನಡದು ನಡದು ಆಗ್ಯಾವ ಅಂತಾರ. ನಮ್ಮ ಮಾವನೋರಿಗೂ ಇದ್ದುವಂತ್ರಿ.”

ಮಾವ, ಅಂದರೆ ಮನಿಷಾಳ ಅಪ್ಪ, ನಲವತ್ತನಾಲ್ಕಕ್ಕೇ ಹೊಲದಲ್ಲಿ ಬಿದ್ದು ಸತ್ತಿದ್ದ. ಅಪ್ಪನ ಆ ಗಂಟುಗಳಿಗೆ ಎಣ್ಣೆ ತಿಕ್ಕುತ್ತಿದ್ದವಳು ಸಣ್ಣ ಹುಡುಗಿ ಮನಿಷಾ.

“ನಡದದ್ದಕ್ಕ ಅಲ್ಲ ಅವ್ವಾ, ಇದು ಮನಿತನದಾಗ ಬರೋ ಜಡ್ಡು,” ಎಂದರು ಡಾಕ್ಟರು. “ಕೊಬ್ಬು ನೀರಿನ್ಯಾಗ ಕೂಡಂಗಿಲ್ಲ. ಅದಕ್ಕ ರಕ್ತದಾಗ ಸಣ್ಣ ಸಣ್ಣ ಉಂಡಿ ಆಗಿ ತಿರಗತದ. ಆ ಉಂಡಿ ಲಿವರ್ ವಾಪಸ್ ಎಳಕೋಬೇಕು. ಇವರಿಗಿ ಹುಟ್ಟಿಂದನೇ ಆ ಶಕ್ತಿ ಕಮ್ಮಿ. ಉಳಿದ ಉಂಡಿ ರಕ್ತನಾಳದ ಗ್ವಾಡಿಯೊಳಗ ಸೇರಿ ಕೆಡತಾವ. ಕೆಟ್ಟಿದ್ದು ತಗೀಲಿಕ್ಕ ಬಿಳಿ ರಕ್ತದ ಕಾವಲು ಕಣ ಬಂದು ನುಂಗತಾವ. ಆದ್ರ ಸಾಕು ಅನ್ನೋದೇ ಅವಕ್ಕ ತಿಳಿಯಂಗಿಲ್ಲ. ಕೊಬ್ಬು ತುಂಬಕೊಂಡು ನೊರಿ ಹಂಗ ಉಬ್ಬಿ ಅಲ್ಲೇ ಸಾಯತಾವ. ಆ ಗುಡ್ಡಿ ಒಂದಿನ ಒಡದು, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚತದ. ಈ ಗಂಟಿನ್ಯಾಗೂ ಅಂಥವೇ ಕಣ ತುಂಬ್ಯಾವ.”

“ಹಸಿ ಜ್ವಾಳ ತಿಂದ ಕುರಿ ಹೊಟ್ಟಿ ಉಬ್ಬಿ ಸಾಯತಾವಲ್ರಿ, ಹಂಗ,” ಎಂದ ಭೀಮಶಾ ಮೆಲ್ಲಗೆ.

ಮನಿಷಾ ಮುಂದೆ ಬಂದು ಕೇಳಿದಳು. “ಸೀರಮ್ ಬೆಳ್ಳಗ ಇರಂಗಿಲ್ಲೇನ್ರಿ, ಸರ್?”

“ಇಲ್ಲ. ಹಾಲಿನಂಗ ಕಾಣೋದು ಬ್ಯಾರೆ ಕೊಬ್ಬು. ಈ ಉಂಡಿ ಭಾಳ ಸಣ್ಣವು, ಸೀರಮ್ ತಿಳಿನೇ ಇರತದ.”

“ಒಂದು ವರ್ಷ ಮೊದಲೇ ಗೊತ್ತಾಗಿದ್ರ?”

“ಖಾತ್ರಿ ಹೇಳ್ಲಿಕ್ಕ ಬರಂಗಿಲ್ಲ. ಗುಳಗಿ ಶುರು ಮಾಡಿದ್ರ ಇಷ್ಟಾಗ್ತಿದ್ದಿಲ್ಲೋ ಏನೋ.”

ಎರಡು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಅಣ್ಣನ ಮಂಚದ ತುದಿಗೆ ಕೂತು, ಅತ್ತಿಗೆಯ ಎದುರೇ ಎಲ್ಲ ಹೇಳಿದಳು. ಮುನ್ನೂರ ಹದಿನೆಂಟು, ಕಿಟಕಿಯ ಬೆಳಕು, ದೀಪಾವಳಿಯ ಊಟ, ಯಾವುದನ್ನೂ ಬಿಡಲಿಲ್ಲ.

ಭೀಮಶಾ ದಿಂಬಿಗೆ ಒರಗಿ ಎದ್ದು ಕೂತ.

“ಹೇಳಿದ್ರೂ ನಾ ಗುಳಗಿ ನುಂಗತಿದ್ನೋ ಇಲ್ಲೋ,” ಎಂದ. “ಆದ್ರ ಹೇಳಬೇಕಿತ್ತು, ಮನಿಷಾ. ನುಂಗೋದು ಬಿಡೋದು ನಂದಿತ್ತು.”

ಗುರಮ್ಮ ಎದ್ದಳು. ಊಟದ ಡಬ್ಬಿ ಎತ್ತಿಕೊಂಡು ಹೊರಗೆ ನಡೆದಳು.

ಮನಿಷಾ ತನ್ನ ರಕ್ತವನ್ನೂ ನೋಡಿಕೊಂಡಳು. ನೂರಾ ನಾಲ್ಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿ ತಾನು ಪಾರಾಗಿದ್ದಳು. ಆ ಕಾಗದ ಹಿಡಿದುಕೊಂಡೇ ಅತ್ತಳು. ಮಕ್ಕಳಿಗೆ ಇದು ಬರುವುದು ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದ್ದರು. ಅಣ್ಣನಿಗೆ ಹತ್ತು ವರ್ಷದ ಮಗಳಿದ್ದಳು, ರೂಪಾಲಿ. ಮನಿಷಾ ಅತ್ತಿಗೆಗೆ ಫೋನು ಮಾಡಿದಳು. “ವೈನಿ, ನಾನೇ ಬಂದು ಕೂಸಿನ ರಕ್ತ ತಗೊಂಡು ಹೋಗ್ತೀನಿ.”

“ನಿಮ್ಮ ಲ್ಯಾಬ್ ಬ್ಯಾಡ,” ಎಂದು ಗುರಮ್ಮ ಫೋನು ಇಟ್ಟಳು.

ಇಪ್ಪತ್ತು ದಿನ ಏನೂ ಸುದ್ದಿಯಿರಲಿಲ್ಲ. ಆಮೇಲೊಂದು ಮಧ್ಯಾಹ್ನ ಮೊಬೈಲಿಗೆ ಒಂದು ರಿಪೋರ್ಟಿನ ಫೋಟೋ ಬಂತು. ಗುರಮ್ಮ ಮಗಳನ್ನು ತನ್ನ ತವರು ಉಮರ್ಗಾಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಿದ್ದಳು. ಕೆಟ್ಟ ಕೊಲೆಸ್ಟ್ರಾಲ್ ಇನ್ನೂರಾ ಎಂಬತ್ತಾರು. ಮನಿಷಾ ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕ್ಷಣವೇ ಕರೆ ಮಾಡಿದಳು.

“ಕನ್ನಡದಾಗ ತಿಳಿಯಂಗ ಹೇಳು,” ಎಂದಳು ಗುರಮ್ಮ. ದನಿ ಬಿಗಿಯಾಗಿತ್ತು. “ಈ ಸಲ ಏನೂ ಮುಚ್ಚಿಡಬ್ಯಾಡ.”

“ಭಾಳ ಹೆಚ್ಚದ, ವೈನಿ. ಅಣ್ಣಂದೇ ಜಡ್ಡು ಕೂಸಿಗೂ ಬಂದದ. ಆದ್ರ ಈಗೇ ಸಿಕ್ಕದ. ಈ ವಯಸ್ಸಿಗಿ ಗುಳಗಿ ಶುರು ಮಾಡ್ಲಿಕ್ಕ ಬರತದ. ನಾಳಿನೇ ಉದಗೀರಕ್ಕ ಹೋಗ್ರಿ.”

ಆ ಕಡೆ ಗುರಮ್ಮ ಅಳುವುದು ಕೇಳಿಸಿತು. ಮನಿಷಾ ಫೋನು ಇಡದೆ ನಿಂತಳು. ಸ್ವಲ್ಪ ಹೊತ್ತಿಗೆ ಗುರಮ್ಮ, “ಎಷ್ಟು ಗಂಟೆಗಿ ಹೋಗಬೇಕು?” ಎಂದು ಕೇಳಿದಳು.

ಈಗ ರೂಪಾಲಿ ದಿನಾ ಗುಳಿಗೆ ನುಂಗುತ್ತಾಳೆ. ಅಂಕಿ ನೂರಾ ಐವತ್ತಕ್ಕೆ ಇಳಿದಿದೆ. ಭೀಮಶಾ ಎಂಟು ಕುರಿ ಮಾತ್ರ ಇಟ್ಟುಕೊಂಡು ಮನೆಯ ಸುತ್ತಲೇ ಮೇಯಿಸುತ್ತಾನೆ. ತಂಗಿಗೆ ಫೋನು ಮಾಡಿ ಕುರಿಗಳದ್ದೇ ಮಾತಾಡುತ್ತಾನೆ. ಗುರಮ್ಮ ಕಳಿಸುವ ರಿಪೋರ್ಟುಗಳು ತಪ್ಪದೆ ಬರುತ್ತವೆ. ಮನಿಷಾ ಒಂದೊಂದು ಅಂಕಿಯನ್ನೂ ಓದಿ ಹೇಳುತ್ತಾಳೆ. ಊಟಕ್ಕೆ ಬಾ ಎಂದು ಗುರಮ್ಮ ಇನ್ನೂ ಕರೆದಿಲ್ಲ. ಬರಲೇ ಎಂದು ಕೇಳುವ ಧೈರ್ಯ ಮನಿಷಾಗೂ ಆಗಿಲ್ಲ.