ಸೌಮ್ಯಳ ಜೀವಶಾಸ್ತ್ರ

ಅಕ್ಕೂರಿನ ಬೋರಲಿಂಗಯ್ಯನವರ ಸೊಸೆ ಸೌಮ್ಯ ದ್ವಿತೀಯ ಪಿಯುಸಿಯಲ್ಲಿ ಫೇಲಾದದ್ದು ಒಂದೇ ವಿಷಯದಲ್ಲಿ, ಜೀವಶಾಸ್ತ್ರದಲ್ಲಿ. ಆ ವರ್ಷವೇ ಮದುವೆಯಾಯಿತು, ಪುಸ್ತಕ ಅಟ್ಟ ಸೇರಿತು. ಎಂಟು ವರ್ಷ ಕಳೆದು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಅದೊಂದನ್ನು ಪಾಸು ಮಾಡಿಕೊಂಡರೆ ನರ್ಸಿಂಗ್ ಸೇರಬಹುದೆಂಬ ಆಸೆ ಮತ್ತೆ ಚಿಗುರಿತು. ಗಂಡ ನಾಗರಾಜು ಅಪ್ಪನನ್ನು ಕೇಳದೆಯೇ ಪರೀಕ್ಷೆಗೆ ಅರ್ಜಿ ಹಾಕಿ ಬಂದ. ಗೊತ್ತಾದಾಗ ಬೋರಲಿಂಗಯ್ಯ ಹೇಳಿದ್ದು ಇಷ್ಟೇ: "ಓದ್ಕಳ್ಲಿ. ಹುಳಕ್ಕೆ ಮಾತ್ರ ಸರ್ಯಾಗಿ ಸೊಪ್ಪು ಬೀಳ್ಬೇಕು."

ಹುಳುಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಅವಳು ಓದುತ್ತಿದ್ದಳು. ಸೂಕ್ಷ್ಮಜೀವಿಗಳ ಪಾಠ ಎರಡೇ ದಿನಕ್ಕೆ ಮುಗಿಯಿತು. ಹಾಲು ಹೆಪ್ಪಾಗುವುದನ್ನೂ ಹಿಟ್ಟು ಹುಳಿ ಬರುವುದನ್ನೂ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಿಕಾಸಕ್ಕೆ ಒಂದು ವಾರ ಹಿಡಿಯಿತು. ಮನುಷ್ಯ ತನಗೆ ಬೇಕಾದ್ದನ್ನೇ ಆರಿಸಿ ಸಾಕುತ್ತ ಹೋದರೆ ಜೀವಿಯೇ ಬದಲಾಗುತ್ತದೆಂದು ಓದಿದ ದಿನ, ಊಟಕ್ಕೆ ಕೂತ ಗಂಡನಿಗೆ ಹೇಳಿದಳು: "ನಮ್ ರೇಷ್ಮೆ ಚಿಟ್ಟೆಗೆ ರೆಕ್ಕೆ ಐತೆ, ಹಾರಕ್ಕಾಗಲ್ಲ. ಸಾವ್ರಾರು ವರ್ಷ ಮನೇಲಿ ಸಾಕಿ ಸಾಕಿ ಹಂಗಾಗ್ಬುಟ್ಟೈತೆ."

"ಕಾಡಿಗೆ ಬುಟ್ರೆ?"

"ಬದುಕಾಕಿಲ್ಲ."

ನಾಗರಾಜು ನಕ್ಕ. ಅವಳಿಗೆ ನಗು ಬರಲಿಲ್ಲ.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ಅಪ್ಪ ಮಗ ಇಬ್ಬರೂ ಕಬ್ಬಾಳಿನ ನೆಂಟರ ಮನೆಗೆ ಸಾವಿಗೆಂದು ಹೋದರು. ಸೌಮ್ಯ ಅಂದು ಮುಟ್ಟಾಗಿದ್ದಳು. ಆ ಮನೆಯಲ್ಲಿ ಮುಟ್ಟಾದವಳು ಹುಳುಮನೆಯ ಹೊಸಿಲು ದಾಟುವಂತಿರಲಿಲ್ಲ. ಅತ್ತೆ ಸಿದ್ದಮ್ಮನಿಗೋ ಮಂಡಿ ನೋವು, ಹುಳ ಹಸಿದಿದ್ದವು. "ನೀನೇ ಹೋಗಿ ಸೊಪ್ಪಾಕ್ಬುಟ್ಟು ಬಾ ಕಣಮ್ಮಿ. ಯಾರ್ಗೂ ಹೇಳ್ಬ್ಯಾಡ," ಎಂದಳು ಸಿದ್ದಮ್ಮ.

ನಾಲ್ಕು ದಿನದ ಮೇಲೆ ಹುಳುಗಳು ಕೊನೆಯ ಪೊರೆ ಕಳಚಿದವು. ಕೆಲವು ಬೆರಳುದ್ದ, ಕೆಲವು ಅದರರ್ಧವೂ ಇಲ್ಲ. ಸೊಪ್ಪಿನ ಮೇಲೆ ತಲೆಯೆತ್ತದೆ ಬಿದ್ದಿದ್ದವು. ಒಂದನ್ನು ಅಂಗೈ ಮೇಲಿಟ್ಟು ನೋಡಿದಳು. ಮೈತುಂಬ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿ.

"ಮಾವ, ಇದು ಗಂಟು ರೋಗ. ತಾಯಿ ಚಿಟ್ಟೆಯಿಂದ ಮೊಟ್ಟೇಲೇ ಬಂದಿರ್ತದೆ. ಎಲ್ಲಾನೂ ಸುಟ್ಬುಡ್ಬೇಕು, ಇಲ್ದಿದ್ರೆ ಪಕ್ಕದ ಮನೆ ಹುಳಕ್ಕೂ ಅಂಟ್ತದೆ."

ಬೋರಲಿಂಗಯ್ಯ ಅವಳ ಕೈಯಲ್ಲಿದ್ದ ಹುಳ ನೋಡಲಿಲ್ಲ. "ಆ ಮೂರ್ ದಿನ ಒಳೀಕೆ ಹೋಗಿದ್ದಾ?"

ಸೌಮ್ಯ ಅತ್ತೆಯ ಕಡೆ ನೋಡಿದಳು. ಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

"ಹೋಗಿದ್ದೆ ಮಾವ."

ಅವರು ಕೂಗಾಡಲಿಲ್ಲ. ಜಗಲಿಯ ಮೇಲಿದ್ದ ಪುಸ್ತಕವನ್ನು ಕಾಲಿನಿಂದ ಅತ್ತ ಸರಿಸಿ ಹೊರಟುಹೋದರು.

ಮರುದಿನ ಬೆಳಗ್ಗೆ ಸೌಮ್ಯ ಹತ್ತು ಹುಳುಗಳನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿ ಚನ್ನಪಟ್ಟಣದ ರೇಷ್ಮೆ ಇಲಾಖೆ ಕಚೇರಿಗೆ ಹೋದಳು. ಅಲ್ಲಿದ್ದ ಅನಂತರಾಜು ಎಂಬ ಅಧಿಕಾರಿ ಹುಳು ಅರೆದು, ಗಾಜಿನ ಮೇಲೆ ಒಂದು ತೊಟ್ಟು ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ, "ನೋಡ್ತೀರಾ?" ಎಂದರು.

ಕಾಲೇಜಿನಲ್ಲಿ ಅದಕ್ಕೆ ಕಣ್ಣಿಡುವ ಸರದಿ ಅವಳಿಗೆ ಬಂದೇ ಇರಲಿಲ್ಲ. ಈಗ ಬಗ್ಗಿ ನೋಡಿದಳು. ಅಕ್ಕಿಕಾಳಿನಾಕಾರದ ಹೊಳೆಯುವ ಚುಕ್ಕಿಗಳು ನೂರಾರು ಅಲುಗಾಡುತ್ತಿದ್ದವು. ಮನೆ ಹಾಳು ಮಾಡಿದ್ದು ಅವೇ ಎಂಬುದೂ ಒಂದು ಗಳಿಗೆ ಮರೆತುಹೋಗಿ ಅವಳು ನೋಡುತ್ತಲೇ ಇದ್ದಳು.

"ಮೊಟ್ಟೆಯಿಂದ್ಲೇ ಬಂದಿದೆ. ಎಲ್ಲಿ ತಂದ್ರಿ?"

ಮಾಗಡಿ ಕಡೆಯಿಂದ ಬೈಕಿನಲ್ಲಿ ಬರುವವನೊಬ್ಬನ ಹತ್ತಿರ ಮಾವ ಕೊಂಡದ್ದು ಎಂದಳು. ಅನಂತರಾಜು ತಲೆಯಾಡಿಸಿ, ರೋಗದ ಹೆಸರು ಬರೆದು ಸೀಲು ಹಾಕಿ ಕೊಟ್ಟರು.

ಸಂಜೆ ಆ ಕಾಗದವನ್ನು ಮಗ ಓದಿ ಹೇಳಿದ್ದನ್ನು ಬೋರಲಿಂಗಯ್ಯ ಪೂರ್ತಿ ಕೇಳಿದರು. ಕಾಗದ ಮಡಚಿ ಜೇಬಿಗಿಟ್ಟರು. "ನಲವತ್ ವರ್ಸದಿಂದ ಹುಳ ಮೇಯಿಸ್ತಿದೀನಿ. ಎಂದೂ ಇಲ್ದಿದ್ದು ಈ ಪುಸ್ತಕ ಬಂದ್ಮೇಲೆ ಬಂತು. ಪರೀಕ್ಷೆಗಿರೀಕ್ಷೆ ಇನ್ ಬ್ಯಾಡ."

"ಒಸಿ ತಡಿ," ಎಂದ ನಾಗರಾಜು, ಇಬ್ಬರೇ ಇದ್ದಾಗ. "ಅಪ್ಪ ತಣ್ಣಗಾಗ್ಲಿ. ಮುಂದಿನ್ ಸಲ ಬರಿಯೀವಂತೆ."

ಪರೀಕ್ಷೆಯ ದಿನ ಸೌಮ್ಯ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಹುಳುಮನೆಯ ಗೋಡೆ ತಿಕ್ಕುತ್ತಿದ್ದಳು. ಹತ್ತು ಗಂಟೆಯ ಬಸ್ಸು ಹೋದ ಸದ್ದು ಕೇಳಿಸಿತು. ಸಿದ್ದಮ್ಮ ಕುಂಟುತ್ತ ಬಂದು, ಅವಳ ಪಕ್ಕದಲ್ಲಿ ಕೂತು ತಾನೂ ಪೊರಕೆ ಹಿಡಿದಳು.

"ನಾನೇ ಕಳಿಸ್ದೆ ಅಂದಿದ್ರೆ, ಈ ವಯಸ್ನಲ್ಲಿ ನಾನೆಲ್ಲಿಗೆ ಹೋಗ್ಲಿ ಹೇಳು."

ಅತ್ತೆ ಹೇಳಿದ್ದು ನಿಜವೆಂದು ಸೌಮ್ಯಳಿಗೆ ಗೊತ್ತಿತ್ತು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಅದೂ ಬರಲಿಲ್ಲ. "ಮಂಡಿ ನೋಯ್ತದೆ, ಏಳಿ ಅತ್ತೆ," ಎಂದಳು.

ಬಕೆಟ್ಟಿನ ನೀರು ಚೆಲ್ಲಲು ಹಿತ್ತಿಲಿಗೆ ಬಂದಾಗ, ಮಾವ ಸತ್ತ ಹುಳುಗಳನ್ನು ಸುಡದೆ, ಮಂಕರಿ ಮಂಕರಿಯಾಗಿ ತಿಪ್ಪೆಗುಂಡಿಗೆ ಸುರಿಯುತ್ತಿರುವುದು ಕಂಡಿತು. ತಿಪ್ಪೆಯ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತದೆ, ತೋಟದ ಸೊಪ್ಪು ಬರುವ ಬೆಳೆಯ ಹುಳಕ್ಕೆ. ಪರಿಸರದ ಪಾಠದಲ್ಲಿ ಇಂಥದೇ ಚಕ್ರವೊಂದರ ಚಿತ್ರವನ್ನು ಅವಳು ಮೂರು ಸಲ ಬರೆದು ಅಭ್ಯಾಸ ಮಾಡಿದ್ದಳು. ಖಾಲಿ ಬಕೆಟ್ಟು ಹಿಡಿದು ಒಳಗೆ ಹೋದಳು.