ಸೀತಾಫಲದ ಬೀಜ ಕುಟ್ಟಿದ ಕಲಬತ್ತು

ನಾನು ಒಂದು ಕಬ್ಬಿಣದ ಕಲಬತ್ತು, ಕುಟ್ಟುವ ಒರಳು. ಹುಬ್ಬಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಹುಟ್ಟಿದೆ. ಮುರಿದ ಲಾರಿಯ ಗಾಲಿ, ಸವೆದ ನೇಗಿಲು, ಯಾರದೋ ಮನೆಯ ಕಿಟಕಿಯ ಸರಳು, ಎಲ್ಲವೂ ಕುಲುಮೆಯಲ್ಲಿ ಕರಗಿ ನಾನಾದೆ. ನನ್ನನ್ನು ಅಚ್ಚಿಗೆ ಸುರಿಯುವಾಗ ಒಂದು ಹನಿ ಸಿಡಿದು ಸುರಿಯುತ್ತಿದ್ದವನ ಪಾದಕ್ಕೆ ಬಿತ್ತು. ಈ ಲೋಕದಲ್ಲಿ ನಾನು ಕೇಳಿದ ಮೊದಲ ಸದ್ದು ಅವನ ಚೀರಾಟ. ನನ್ನ ಜೊತೆಗೇ ಮೊಳದುದ್ದದ ಒಂದು ಕುಟ್ಟುಗುಂಡೂ ಹುಟ್ಟಿತು. ಹೊಡೆಯುವುದು ಅದರ ಕೆಲಸ, ಹೊಡೆಸಿಕೊಳ್ಳುವುದು ನನ್ನದು.

ಗದಗಿನ ಒಂದು ಖಾನಾವಳಿಯಲ್ಲಿ ಎಂಟು ವರ್ಷ, ಕುಟ್ಟುವವರ ಕಣ್ಣು ಉರಿಸುತ್ತ, ಕೆಂಪು ಮೆಣಸಿನಕಾಯಿ ಕುಟ್ಟಿಸಿಕೊಂಡೆ. ಖಾನಾವಳಿ ಮುಚ್ಚಿದಾಗ ಫಕೀರಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಊರಾಚೆಯ ಕಾಲೇಜಿಗೆ ತಂದ. ಅಲ್ಲಿನ ಪ್ರಯೋಗಶಾಲೆಯಲ್ಲಿ ಅವನು ಜವಾನ. ಪ್ರಯೋಗಶಾಲೆಯನ್ನು ನಡೆಸುತ್ತಿದ್ದವಳು ಡಾಕ್ಟರ್ ಸುಗಂಧಾ ಹಡಪದ, ಮದ್ದು ಕೊಡುವ ಡಾಕ್ಟರಲ್ಲ, ಮದ್ದು ಹುಡುಕುವವಳು. ಗಿಡಗಳ ಬೇರು, ತೊಗಟೆ, ಬೀಜಗಳಿಂದ ಸಾರ ತೆಗೆದು, ಅದು ಹೊಟ್ಟೆಯ ಹುಳುಗಳನ್ನೂ ಕ್ಯಾನ್ಸರಿನ ಕೋಶಗಳನ್ನೂ ಕೊಲ್ಲುತ್ತದೆಯೇ ಎಂದು ನೋಡುವುದು ಅವಳ ಕೆಲಸ.

ಆ ವರ್ಷ ಸೀತಾಫಲದ ಬೀಜದ ಸರದಿ. ಮಿಕ್ಸರಿನಲ್ಲಿ ಅದು ಬಿಸಿಯಾಗಿ ಕೆಡುತ್ತಿತ್ತು. ಅದಕ್ಕೇ ನಾನು ಬೇಕಾದೆ. ಫಕೀರಪ್ಪ ಮೂಗು, ಬಾಯಿಗೆ ಟವೆಲ್ ಸುತ್ತಿ ಬೆಳಗಿಡೀ ಕುಟ್ಟುತ್ತಿದ್ದ. ಕಪ್ಪು ಸಿಪ್ಪೆ ಸಿಡಿದು ಬಿಳಿ ತಿರುಳು ನನ್ನ ತಳದಲ್ಲಿ ಎಣ್ಣೆ ಬಿಡುತ್ತಿತ್ತು. ಕಸಾಯಿಖಾನೆಯಿಂದ ಕುರಿಗಳ ಹೊಟ್ಟೆ ತರುವವನೂ ಅವನೇ. ಇನ್ನೂ ಬಿಸಿಯಾಗಿರುತ್ತಿದ್ದ ಆ ಚೀಲವನ್ನು ಸೀಳಿ, ರಕ್ತ ಕುಡಿದು ಕೆಂಪಾದ ಹುಳುಗಳನ್ನು ಒಂದೊಂದಾಗಿ ಚಿಮಟದಿಂದ ಎತ್ತಿ ಬೀಜದ ಸಾರಕ್ಕೆ ಹಾಕುತ್ತಿದ್ದ. ಅವು ಚಾಟಿಯ ಹಾಗೆ ಹೊರಳಾಡಿ ಬಿಗಿದುಕೊಳ್ಳುತ್ತಿದ್ದವು.

"ಅಕ್ಕಾರ, ಬರ್ರಿ ಇಲ್ಲೆ! ಒಂದೂ ಮಿಸುಕವಲ್ದು!" ಎಂದು ಅವನು ಕೂಗಿದ ದಿನ ನನಗೆ ನೆನಪಿದೆ.

ಕೆಲವು ವಾರಗಳಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬಂತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಕೋಶಗಳು ಎರಡು ದಿನದಲ್ಲಿ ಸತ್ತುಬಿದ್ದಿದ್ದವು. ಸುಗಂಧಾ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಸತ್ತಾವ ಫಕೀರಣ್ಣ! ಎಲ್ಲಾ ಸತ್ತಾವ!" ಎಂದು ಅವನ ಎರಡೂ ಕೈ ಹಿಡಿದು ಕುಲುಕಿದಳು. ಪೇಢೆ ತರಿಸಿ ಎಲ್ಲರಿಗೂ ಹಂಚಿದಳು.

ಫಕೀರಪ್ಪ ಪೇಢೆ ತಿನ್ನಲಿಲ್ಲ. ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಕೇಳಿದ: "ಖರೇನ ಸತ್ತಾವೇನ್ರಿ? ಆ ಕ್ಯಾನ್ಸರ್?"

"ಖರೇನ."

ಅವನ ಹೆಂಡತಿ ಹೊನ್ನವ್ವನಿಗೆ ಅದೇ ಕಾಯಿಲೆ ಇದೆಯೆಂದು ಅವನು ಹೇಳಲಿಲ್ಲ. ಮರುವಾರ "ಮನ್ಯಾಗ ಆರಾಮಿಲ್ಲ" ಎಂದಷ್ಟೇ ಬರೆದು ರಜೆ ಹಾಕಿದ. ಸುಗಂಧಾ ಓದದೆಯೇ ಸಹಿ ಮಾಡಿದಳು.

ಅವನಿಲ್ಲದ ದಿನಗಳಲ್ಲಿ ಅವಳು ಅದೇ ಸಾರವನ್ನು ಆರೋಗ್ಯವಂತ ಕೋಶಗಳ ಮೇಲೆ ಹಾಕಿ ನೋಡಿದಳು. ಅವೂ ಸತ್ತವು. ಇಲಿಗಳಿಗೆ ಕುಡಿಸಿದಳು. ಮೊದಲು ಅವುಗಳ ಹಿಂಗಾಲಿನ ಸ್ವಾಧೀನ ತಪ್ಪಿತು. ಮುಂಗಾಲಿನಿಂದ ಮೈಯನ್ನು ಎಳೆದುಕೊಂಡು ಪಂಜರದ ಸರಳು ಕಚ್ಚುತ್ತ ಒಂದೊಂದೇ ಸತ್ತವು. ಆ ದಿನ ಯಾರೂ ಪೇಢೆ ಹಂಚಲಿಲ್ಲ. ಅವಳು ದಪ್ಪ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಮುಚ್ಚಿದಳು.

ಇಲಿಗಳು ಸತ್ತ ಮೂರನೆಯ ದಿನ ಮಧ್ಯಾಹ್ನ, ಅವಳು ಸಭೆಗೆ ಹೋಗಿದ್ದಾಗ, ಫಕೀರಪ್ಪ ಬಂದು ನನ್ನನ್ನೂ ಕುಟ್ಟುಗುಂಡನ್ನೂ ಒಂದು ಚೀಲ ಬೀಜವನ್ನೂ ಗೋಣಿಗೆ ತುಂಬಿ ಮನೆಗೆ ಒಯ್ದ. ನನಗೆ ಎಲ್ಲ ಗೊತ್ತಿತ್ತು. ಕಬ್ಬಿಣಕ್ಕೆ ಬಾಯಿಲ್ಲ.

ಹೊನ್ನವ್ವನಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಪ್ಪತ್ತೈದು ಸಲ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕೆಂದಿದ್ದರು. ಆರು ಸಲವಾಗಿತ್ತು. ಸುಸ್ತಿನಿಂದ ಅವಳಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. "ಇನ್ನ ಸಾಕು. ನಮ್ಮ ಅಕ್ಕಾರ ಔಷಧ ಕಂಡ್‌ಹಿಡದಾರ. ಕುಟ್ಟಿದಾಂವ ನಾನ," ಎಂದು ಫಕೀರಪ್ಪ ಹೆಮ್ಮೆಯಿಂದ ಹೇಳಿದ.

ಅವನು ಕುಟ್ಟಿ ಕಲಸಿ ಕುಡಿಸಿದ ಬೀಜದ ರಸದ ಮೊದಲ ಗುಟುಕಿಗೇ ಅವಳು ನೆಲಕ್ಕೆ ಬಿದ್ದು ಹೊಟ್ಟೆ ಹಿಡಿದುಕೊಂಡಳು. "ಬೆಂಕಿ ನುಂಗಿದಂಗ ಆಗತೈತಿ. ಬ್ಯಾಡ, ನಿಮ್ಮ ಕಾಲಿಗೆ ಬೀಳ್ತೀನಿ."

"ರೋಗ ಸಾಯೂದು ಹಂಗ. ನಾ ಕಣ್ಣಾರೆ ನೋಡೀನಿ."

ನಾಲ್ಕನೆಯ ದಿನ ಅವಳು ಹಲ್ಲು ಕಚ್ಚಿಕೊಂಡಳು. ಅವನು ಮೊಣಕಾಲನ್ನು ಅವಳ ಎದೆಗೊತ್ತಿ, ದವಡೆ ಹಿಡಿದು ಅಗಲಿಸಿ ಸುರಿದ. ಸುರಿಯುತ್ತ ತಾನೇ ಅಳುತ್ತಿದ್ದ. ಅವಳು ತಲೆ ಕೊಡವಿದಾಗ ಅದು ಎಡಗಣ್ಣಿಗೆ ಬಿತ್ತು. ಆ ಕಣ್ಣು ಊದಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ದಿನಾ ನನ್ನೊಳಗೆ ಗುಂಡು ಬೀಳುವ ಸದ್ದು ಕೇಳಿದರೆ ಸಾಕು, ಅವಳು ಗೋಡೆಯ ಕಡೆಗೆ ಸರಿಯುತ್ತಿದ್ದಳು. ಆಸ್ಪತ್ರೆಯವರ ಫೋನನ್ನು ಅವನು ಎತ್ತಲಿಲ್ಲ. ಇಪ್ಪತ್ತನೆಯ ದಿನ ಬೆಳಿಗ್ಗೆ ನಿಲ್ಲದ ರಕ್ತಸ್ರಾವವಾಗಿ, ಹಾಸಿಗೆ ದಾಟಿ ನೆಲಕ್ಕೆ ಹರಿದು, ಹೊನ್ನವ್ವ ತೀರಿಕೊಂಡಳು.

ಅವಳ ದಿನಕರ್ಮ ಮುಗಿದ ಮೇಲೆ ಫಕೀರಪ್ಪ ಗೋಣಿ ಹೊತ್ತು ಪ್ರಯೋಗಶಾಲೆಗೆ ಬಂದ. ತಲೆ ಬೋಳಿಸಿತ್ತು. ಸುಗಂಧಾ ಎದ್ದು ನಿಂತಳು.

"ಫಕೀರಣ್ಣ, ಏನಾತು?"

"ನಿಮ್ಮ ಬೀಜಾ ಕುಡಿಸಿದೆ ಅಕ್ಕಾರ. ಹೊನ್ನಿ ಹ್ವಾದ್ಲು."

ಅವಳ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅದು ಚಲೋ ಕೋಶಾನೂ ಕೊಲ್ಲತೈತಿ, ಫಕೀರಣ್ಣ. ಇಲೀನೂ ಸತ್ತುವು. ನೀವು ರಜಾದಾಗಿದ್ರಿ."

"ಯಾವಾಗ ಗೊತ್ತಾತು?"

"ಒಂದ್ ತಿಂಗಳಾತು."

ಅವನು ನನ್ನನ್ನು ಎತ್ತಿ ಗಾಜಿನ ಕಪಾಟಿಗೆ ಎಸೆದ. ಸೀಸೆಗಳು ಸಿಡಿದವು, ಸೂಕ್ಷ್ಮದರ್ಶಕ ನೆಲಕ್ಕುರುಳಿತು. ಆಮೇಲೆ ಕುಟ್ಟುಗುಂಡು ಹಿಡಿದು ಅವಳತ್ತ ನಡೆದ. ಅವಳು ಕೈ ಅಡ್ಡ ಹಿಡಿದಳು. ಮೊದಲ ಏಟಿಗೆ ಮುಂಗೈ ಎಲುಬು, ಎರಡನೆಯ ಏಟಿಗೆ ಹೆಗಲು. ಬೀಜದ ಸಿಪ್ಪೆ ಒಡೆಯುವ ಸದ್ದು ನನಗೆ ಗೊತ್ತು. ಎಲುಬಿನದೂ ಹೆಚ್ಚುಕಡಿಮೆ ಅದೇ.

"ಪೇಢೆ ಹಂಚುವಾಗ ಕರದ್ರಿ! ಇದಕ್ಕ ಯಾಕ ಕರೀಲಿಲ್ರಿ?" ಎಂದು ಅವನು ಚೀರುತ್ತಿದ್ದ.

ಮೂರನೆಯ ಏಟು ಬೀಳುವ ಮೊದಲು ಕಾವಲುಗಾರರು ಒಳನುಗ್ಗಿದರು. ಅವನನ್ನು ಕೆಡವಿ ಒದೆಯತೊಡಗಿದರು. ಒಬ್ಬ ಅವನ ಬೋಳುತಲೆಯನ್ನು ನೆಲದ ಗಾಜಿಗೆ ಉಜ್ಜಿದ. ಇನ್ನೊಬ್ಬ ಕುಟ್ಟುಗುಂಡನ್ನೇ ಎತ್ತಿ ಅವನ ಮೊಣಕಾಲಿಗೆ ಬೀಸಿದ. ಆಗ ಸುಗಂಧಾ, ಮುರಿದ ಕೈಯನ್ನು ಎದೆಗೊತ್ತಿಕೊಂಡು, ಗಾಜಿನ ಮೇಲೆ ತೆವಳಿ ಬಂದು ಅವನ ಮೇಲೆ ಅಡ್ಡ ಬಿದ್ದಳು. ಒಂದು ಒದೆ ಅವಳ ಬೆನ್ನಿಗೂ ಬಿತ್ತು.

"ಬಿಡ್ರೋ! ಅಂವನ್ನ ಸಾಯಿಸಬ್ಯಾಡ್ರಿ!"

ಪೊಲೀಸರು ನನಗೊಂದು ಚೀಟಿ ಕಟ್ಟಿ ಒಯ್ದರು. ಎರಡು ವರ್ಷದ ಮೇಲೆ ಕೋರ್ಟಿನ ಮೇಜಿನ ಮೇಲೆ ನನ್ನನ್ನಿಟ್ಟು ವಕೀಲರು, "ಇದೇ ಆಯುಧ ಹೌದಲ್ರಿ?" ಎಂದು ಸುಗಂಧಾಳನ್ನು ಕೇಳಿದರು. ಅವಳ ಬಲಗೈ ಪೂರ್ತಿ ನೆಟ್ಟಗಾಗಿರಲಿಲ್ಲ.

"ಹೊಡದದ್ದು ಇದರ ಗುಂಡಿನಿಂದನ. ಅಂವ ಹೊಡದದ್ದು ಖರೆ," ಎಂದಳು. "ಇನ್ನೊಂದು ಮಾತೂ ಬರಕೋಬೇಕ್ರಿ. ಕ್ಯಾನ್ಸರ್ ಸತ್ತಿತು ಅಂತ ಅಂವಗ ಹೇಳಿದಾಕಿ ನಾನು. ಆಮೇಲಿಂದು ಹೇಳದಾಕೀನೂ ನಾನ."

ಕಟಕಟೆಯಲ್ಲಿದ್ದ ಫಕೀರಪ್ಪ ಕುಂಟು ಕಾಲಿನ ಮೇಲೆ ನಿಲ್ಲಲಾರದೆ ಕುಸಿದು ಕೂತ. ಅವನಿಗೆ ಮೂರು ವರ್ಷ ಶಿಕ್ಷೆಯಾಯಿತು. ಹೊರಗೆ ಕರೆದೊಯ್ಯುವಾಗ ಅವಳ ಮುಂದೆ ಕ್ಷಣ ನಿಂತು, ಅವಳ ಸೊಟ್ಟ ಕೈಯನ್ನು ನೋಡಿದ. "ನೋಯ್ತೈತೇನ್ರಿ?" ಎಂದ.

"ಥಂಡಿಯಾಗ ನೋಯ್ತೈತಿ."

ಪೊಲೀಸರು ಅವನನ್ನು ಮುಂದಕ್ಕೆ ನಡೆಸಿದರು.

ಈಗ ನಾನು ಕೋರ್ಟಿನ ಮುದ್ದೆಮಾಲಿನ ಕೋಣೆಯಲ್ಲಿದ್ದೇನೆ. ಸುತ್ತಲೂ ಕೊಡಲಿ, ಕುಡುಗೋಲು, ರಕ್ತ ಒಣಗಿದ ಅಂಗಿಗಳ ಗಂಟು. ನನಗೆ ತುಕ್ಕು ಹಿಡಿದಿದೆ. ನನ್ನೊಳಗೆ ಸತ್ತ ಬೀಜಗಳ ಲೆಕ್ಕ ನನಗಿಲ್ಲ. ಆದರೆ ಒಂದು ತಿಳಿದಿದೆ. ಕೊಲ್ಲುವ ಸಾರ ಬೇಗ ಸಿಗುತ್ತದೆ, ಹುಳುವನ್ನು ಕೊಂದು ಕುರಿಯನ್ನು ಬಿಡುವ ಸಾರ ಸಿಗುವುದು ಕಷ್ಟ. ಸುಗಂಧಾ ಎಡಗೈಯಲ್ಲಿ ಬರೆಯಲು ಕಲಿತು ಅದನ್ನು ಇನ್ನೂ ಹುಡುಕುತ್ತಿದ್ದಾಳೆಂದು ಇಲ್ಲಿನ ಗುಮಾಸ್ತರು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅವರು ನನ್ನನ್ನು ಒತ್ತಿಗೆ ಇಡುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಯಾರಿಗೂ ನೋವಾಗದ ಕೆಲಸ ನನಗೆ ಸಿಕ್ಕಿದ್ದು ಇದೇ ಮೊದಲು.